ಎದೆಯ ಗಂಟಿಗೆ ಸೂಜಿ, ಹೊಟ್ಟೆಯ ಗೆರೆಗೆ ಸಿಲಿಕೋನ್

ನನ್ನ ಮೈಮೇಲೆ ಉಬ್ಬಿದ ಕಲೆಗಳು ಎರಡು. ಹೊಟ್ಟೆಯ ಮೇಲಿನದು ಶಸ್ತ್ರಚಿಕಿತ್ಸೆಯ ಹೊಲಿಗೆಯ ಗೆರೆ. ದಪ್ಪಗಾಯಿತೇ ಹೊರತು ಗೆರೆ ದಾಟಲಿಲ್ಲ. ಎದೆಯದು ಒಂದು ಸಣ್ಣ ಕುರುವಿನಿಂದ ಹುಟ್ಟಿ, ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿತು. ಚರ್ಮರೋಗ ತಜ್ಞರು ಕೀಲಾಯ್ಡ್ ಎನ್ನುವುದು ಇದಕ್ಕೆ. ಔಷಧಿ ಅಂಗಡಿಯವರು ಮಾತ್ರ ಎರಡಕ್ಕೂ ಒಂದೇ ಮುಲಾಮು ಕೊಟ್ಟು ಕಳಿಸುತ್ತಾರೆ.

ಸಿಲಿಕೋನ್ ಪಟ್ಟಿಯಿಂದ ನೋವಿಲ್ಲ, ಆದರೆ ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದಂತೆ, ತಿಂಗಳುಗಟ್ಟಲೆ ಅಂಟಿಸಿಕೊಂಡಿರಬೇಕು. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಅದು ಸಾಧ್ಯವೇ? ನವನಗರದಿಂದ ಹಳೆ ಊರಿನ ಪೇಟೆಗೆ ಹೋಗಿ ಬರುವಷ್ಟರಲ್ಲಿ ಬೆವರಿಗೆ ಅಂಚು ಎದ್ದು, ದೂಳು ಮೆತ್ತಿಕೊಂಡಿರುತ್ತದೆ. ಹಾಗಾಗಿ ಸಂಜೆ ಸ್ನಾನ ಮಾಡಿ ಅಂಟಿಸಿ, ಬೆಳಗ್ಗೆ ತೆಗೆದು ತೊಳೆದಿಡುತ್ತಿದ್ದೆ. ಹೊಟ್ಟೆಯ ಗೆರೆ ಮೆತ್ತಗಾಯಿತು. ಎದೆಯ ಗಂಟು ಜಪ್ಪಯ್ಯ ಎನ್ನಲಿಲ್ಲ.

ಅದನ್ನು ಬಗ್ಗಿಸಿದ್ದು ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್. ಹಾಲಿನಂತೆ ಬೆಳ್ಳಗಿರುವ ಮದ್ದನ್ನು ಅಲುಗಾಡಿಸಿ, ಸಣ್ಣ ಸೂಜಿಯಿಂದ ಗಂಟಿನೊಳಕ್ಕೇ ಹಾಕುತ್ತಾರೆ. ಸೂಜಿ ಚುಚ್ಚಿದ್ದಕ್ಕಿಂತ ಮದ್ದು ನುಗ್ಗುವ ಒತ್ತಡವೇ ಹೆಚ್ಚು ನೋವು. ಗಟ್ಟಿ ಗಂಟಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಮೆತ್ತಗಾದಂತೆ ಮುಂದಿನ ಸರದಿಗಳು ಸಲೀಸಾದವು. ನನಗೆ ಮೊದಲು ನಿಂತದ್ದು ತುರಿಕೆ. ರವಿಕೆಯ ಅಂಚು ತಾಗಿದರೆ ನಿದ್ದೆಗೆಡುತ್ತಿದ್ದವಳಿಗೆ ಅಷ್ಟೇ ದೊಡ್ಡದು. ಎತ್ತರ ಇಳಿದದ್ದು ಆಮೇಲೆ. ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ ಕೊಡುತ್ತಾರೆ. ಮದ್ದಿನ ಸಾಂದ್ರತೆ ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಂ. ಬೇಗ ಇಳಿಯಲೆಂದು ಜೋರಿನದನ್ನೇ ಕೇಳಬೇಡಿ. ಸುತ್ತಲ ಚರ್ಮ ತೆಳುವಾಗಿ ಕುಸಿಯಬಹುದು, ಬಣ್ಣ ಮಾಸಬಹುದು. ನನಗೂ ಅಂಚಿನಲ್ಲಿ ಬಿಳಿಚು ಉಳಿದಿದೆ. ಸಕ್ಕರೆ ಕಾಯಿಲೆಯವರು ಮೊದಲೇ ಹೇಳಬೇಕು, ರಕ್ತದ ಸಕ್ಕರೆ ಏರುವುದುಂಟು.

ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದನ್ನು ಒಂದು ತುದಿಗೆ ಮಾತ್ರ ಮಾಡಿಸಿದೆ. ಮೈನಸ್ 196 ಡಿಗ್ರಿಯ ಆ ಚಳಿ ತಾಗಿದ ಮೇಲೆ ಗಂಟು ಊದಿ ಸಡಿಲವಾಗಿ, ಸೂಜಿ ಸುಲಭವಾಗಿ ಇಳಿಯಿತು. ಆದರೆ ಗುಳ್ಳೆ ಎದ್ದು ಉಳಿದ ಬಿಳಿ ಮಚ್ಚೆ ನಮ್ಮಂಥ ಕಂದು ಮೈಗೆ ಎದ್ದು ಕಾಣುತ್ತದೆ. ಇನ್ನೊಮ್ಮೆ ಬೇಡವೆಂದೆ.

ಈರುಳ್ಳಿ ರಸ ಹಚ್ಚು ಎಂದವರಿಗೂ ಕೊರತೆಯಿರಲಿಲ್ಲ, ಬೆಳೆಯುವ ಜಿಲ್ಲೆಯಲ್ಲವೇ! ವಾಸನೆಯೊಂದೇ ಉಳಿಯಿತು.

ಕತ್ತರಿಸಿ ತೆಗೆಸುವ ಮಾತೂ ಬಂದಿತ್ತು. ಜೊತೆಗೆ ಚುಚ್ಚುಮದ್ದೋ ವಿಕಿರಣವೋ ಇಲ್ಲದೆ ಬರಿದೇ ಕತ್ತರಿಸಿದ ಕೀಲಾಯ್ಡ್ ಬಹಳಷ್ಟು ಜನರಲ್ಲಿ ಮರಳಿ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಸೂಜಿಗೆ ಇಳಿಯುತ್ತಿರುವವರೆಗೆ ನಾನು ಅತ್ತ ಹೋಗುವುದಿಲ್ಲ.