ಮಾಳಿಗೆ, ಹಂಚು, ಸ್ಲ್ಯಾಬು: ನಾನು ಇದ್ದು ನೋಡಿದ ಮೂರು ಸೂರು

ಗದಗಿನ ಕಡೆ ನಮ್ಮ ಅಜ್ಜಿಯ ಮನೆಗೆ ಮಣ್ಣಿನ ಮಾಳಿಗೆ. ಧಾರವಾಡದಲ್ಲಿ ಬಾಡಿಗೆಗೆ ಇದ್ದದ್ದು ಹಂಚಿನ ಮನೆ. ಈಗಿರುವ ಹುಬ್ಬಳ್ಳಿ ಮನೆಗೆ ಸ್ಲ್ಯಾಬು. ಯಾವುದು ಚಲೋ ಅಂತ ಕೇಳಿದರೆ ಏಪ್ರಿಲ್‌ನಲ್ಲಿ ಒಂದು ಹೇಳುತ್ತೇನೆ, ಜುಲೈನಲ್ಲಿ ಇನ್ನೊಂದು.

ಬೇಸಿಗೆಗೆ ಮಾಳಿಗೆಯನ್ನು ಮೀರಿಸಿದ್ದಿಲ್ಲ. ತೊಲೆ, ಜಂತಿ, ಮೇಲೆ ದಪ್ಪ ಮಣ್ಣು. ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆದರೆ ಮಳೆಗಾಲಕ್ಕೆ ಮೊದಲು ಹುಲ್ಲು ಕಿತ್ತು, ಸವಳು ಮಣ್ಣು ಹಾಕಿ ಬಡಿಯಲೇಬೇಕು. ಬಿಟ್ಟರೆ ಬಿರುಕಿನಲ್ಲಿ ನೀರಿಳಿದು ಜಂತಿ ಕೊಳೆಯುತ್ತದೆ. 2019ರ ಆಗಸ್ಟ್ ಮಳೆಗೆ ನಮ್ಮ ಭಾಗದಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು.

ಧಾರವಾಡದ ಮಳೆಯ ವರಸೆಯೇ ಬೇರೆ. ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಅಲ್ಲಿಗೆ ಇಳಿಜಾರಿನ ಮಂಗಳೂರು ಹಂಚೇ ಸರಿ. ನೀರು ನಿಲ್ಲುವುದಿಲ್ಲ, ಸಂದಿಯಲ್ಲಿ ಗಾಳಿಯೂ ಆಡುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಮೇಲಿನ ಹಂಚು ಎತ್ತಿ ಹಿಡಿದು, ಒಡೆದದ್ದನ್ನು ಎಳೆದು, ಹೊಸದನ್ನು ಕೆಳಗಿನ ರೀಪಿಗೆ, ಅಂದರೆ ಮರದ ಪಟ್ಟಿಗೆ, ಸಿಗಿಸಬೇಕು. ಕಷ್ಟ ಎಲ್ಲಿ ಅಂದರೆ, ಒಂದು ಕಾರ್ಖಾನೆಯ ಹಂಚು ಇನ್ನೊಂದು ಕಾರ್ಖಾನೆಯ ಹಂಚಿನ ಅಂಚಿನ ತೋಡಿಗೆ ಸರಿಯಾಗಿ ಕೂಡುವುದಿಲ್ಲ. ಚೂರು ಸಂದಿ ಉಳಿದರೂ ಅಲ್ಲೇ ಸೋರುತ್ತದೆ. ಹಂಗಾಗಿ ಹಳೆ ಮನೆ ಕೆಡವುವ ಕಡೆ ಅದೇ ಅಚ್ಚಿನ ಹಂಚು ಹುಡುಕಿ ತಂದು ಹಿತ್ತಲಲ್ಲಿ ಪೇರಿಸಿಡುತ್ತಿದ್ದೆವು. ಮಂಗಗಳ ಕಾಟ ಇದ್ದದ್ದೇ. ಪೇರಲ ಗಿಡದಿಂದ ಸೀದಾ ಮಾಡಿಗೆ ಜಿಗಿಯುತ್ತಿದ್ದವು.

ಸ್ಲ್ಯಾಬಿಗೆ ಆ ಭಯವಿಲ್ಲ. ಸಂಡಿಗೆ ಒಣಗಿಸಬಹುದು, ಮೇಲೊಂದು ಮನೆ ಎಬ್ಬಿಸಬಹುದು. ಆದರೆ ಬೇಸಿಗೆ ರಾತ್ರಿ ಮಲಗುವ ಹೊತ್ತಿಗೂ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಮೇಲೆ ಸುಣ್ಣ ಬಳಿದ ಮೇಲೆ ಸ್ವಲ್ಪ ತಡೆಯಿತು. ಸೋರಿಕೆಗೆ ಎಲ್ಲರೂ ಕೆಮಿಕಲ್ ಹಚ್ಚಿಸಿ ಅಂತಾರೆ. ನಾವು ಮೊದಲು ನಾಲ್ಕು ಬಕೆಟ್ ನೀರು ಸುರಿದು ನೋಡಿದೆವು. ಪೈಪಿನ ಬಾಯಿಗಿಂತ ಮೂಲೆಯೇ ತಗ್ಗು! ಮೂರು ಮೀಟರಿಗೆ ಮೂರು ಸೆಂಟಿಮೀಟರ್ ಆದರೂ ಇಳಿಜಾರು ಬೇಕು. ಅದನ್ನು ಸರಿಮಾಡಿಸಿ ಆಮೇಲೆ ಕೆಮಿಕಲ್ ಹಚ್ಚಿಸಿದೆವು, ಬಾಳಿಕೆ ಬಂತು.

ಸ್ಲ್ಯಾಬಿನ ಮೇಲೆ ತಗಡಿನ ಶೀಟು ಹಾಕಿಸುವುದು ಈಗ ಜಾಸ್ತಿ. ನೆರಳಿಗಾದರೆ ಸರಿ. ಸೋರಿಕೆ ಮುಚ್ಚಲಿಕ್ಕೆ ಅಂತಾದರೆ ನಾನು ಹಾಕಿಸುವುದಿಲ್ಲ. ಸ್ಕ್ರೂ ಕೆಳಗಿನ ರಬ್ಬರು ಬಿಸಿಲಿಗೆ ಸೀಳಿದರೆ ಶೀಟೂ ಸೋರುತ್ತದೆ, ಅಲ್ವಾ? ಹಾಕಿಸುವವರು ಸ್ಕ್ರೂವನ್ನು ಶೀಟಿನ ಉಬ್ಬಿನ ಮೇಲೆ ಹೊಡೆಸಿ, ನೀರು ಹರಿಯುವ ತಗ್ಗಿನಲ್ಲಿ ಬೇಡ.