ಸೈಲೆನ್ಸರ್‌ಗೆ ಪೈಪ್ ಹಾಕಿದ್ದೇವಲ್ಲ, ಇನ್ನೇನು ಭಯ ಅಂದುಕೊಂಡಿದ್ದೆವು

ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಮನೆ ಗ್ಯಾರೇಜಿನಲ್ಲಿ ಹಳೇ ಗಾಡಿ ರಿಪೇರಿ ಮಾಡುವವರು ಇದನ್ನು ಓದಿ. ಸೈಲೆನ್ಸರ್ ತುದಿಗೆ ಪೈಪ್ ಸಿಕ್ಕಿಸಿ ಹೊಗೆ ಹೊರಗೆ ಬಿಟ್ಟಿದ್ದೇವೆ, ಏನೂ ಆಗಲ್ಲ ಅನ್ನುವವರು ಎರಡು ಸಲ ಓದಿ. ನಾವೂ ಹಾಗೇ ಅಂದವರು.

ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ನೋವೈ ಅನ್ನುವ ಊರಲ್ಲಿ. ಊರಿನ ಹೆಸರಲ್ಲೇ ನೋವಿದೆ ಅನ್ನುವುದು ನಮ್ಮ ಗುಂಪಿನ ಹಳೇ ಜೋಕು. ಗುಂಪು ಅಂದರೆ ಮೂರು ಜನ. ಒಬ್ಬ ಹಾಸನದವನು, ಇನ್ನೊಬ್ಬ ದಾವಣಗೆರೆಯವನು, ನಾನು ತಿಪಟೂರಿನವನು. ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ. ‘ಹಾಸನ, ಆ 10ನೇ ನಂಬರ್ ಸಾಕೆಟ್ ಕೊಡು.’ ನನ್ನ ಹತ್ತಿರ 2002ರ ಮಾಡೆಲ್ಲಿನ ಒಂದು ವಿ8 ಪಿಕಪ್ ಇದೆ. 3,500 ಡಾಲರ್ ಕೊಟ್ಟು ತಂದಾಗಲೇ 1,78,000 ಮೈಲಿ ಓಡಿತ್ತು. ಯಾರದಾದರೂ ಮನೆ ಖಾಲಿ ಮಾಡಬೇಕು, ಸೋಫಾ ಸಾಗಿಸಬೇಕು, ಗಣೇಶನ ಹಬ್ಬಕ್ಕೆ ಪೆಂಡಾಲಿನ ಸಾಮಾನು ತರಬೇಕು ಅಂದರೆ ಅದೇ ಗತಿ. ಹಾಗಾಗಿ ಅದು ಕೆಟ್ಟರೆ ಮೂವರೂ ಸೇರಿ ರಿಪೇರಿ ಮಾಡುವುದು ರೂಢಿ.

ಇಲ್ಲಿ ಹಳೇ ಗಾಡಿಗೆ ದೊಡ್ಡ ಶತ್ರು ಓಡಿದ ಮೈಲಿ ಅಲ್ಲ, ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಐಸ್ ಕರಗಲಿ ಅಂತ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಬ್ರೇಕ್ ಲೈನ್ ತಿನ್ನುತ್ತದೆ, ಫ್ರೇಮ್ ತಿನ್ನುತ್ತದೆ. ಸ್ಟೆಪ್ನಿ ಇಳಿಸುವ ಚೈನನ್ನು ಜಾಮ್ ಮಾಡುತ್ತದೆ, ಅದು ಗೊತ್ತಾಗುವುದು ಪಂಕ್ಚರ್ ಆದ ದಿನವೇ. ಎಂಜಿನ್ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಿಡಿದುಕೊಂಡಿರುವ ಸ್ಟಡ್‌ಗಳೂ, ಅಂದರೆ ತಲೆಯಿಲ್ಲದ ಬೋಲ್ಟುಗಳೂ, ಒಂದೊಂದಾಗಿ ಮುರಿಯುತ್ತವೆ. ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿನಿಂದ ಹೊಗೆ ಹೊರಬೀಳುವ ಮೊದಲ ಜಾಗ. ಈ ಸ್ಟಡ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದು ಜನವರಿಯ ಒಂದು ಶನಿವಾರ. ಹೊರಗೆ ಮೈನಸ್ 17 ಡಿಗ್ರಿ. ಒಂದು ವಾರದಿಂದ ಪಿಕಪ್‌ನ ಹೀಟರಿನಲ್ಲಿ ತಣ್ಣಗಿನ ಗಾಳಿ ಬರುತ್ತಿತ್ತು. ಟೆಂಪರೇಚರ್ ಮುಳ್ಳು ಮೇಲೇಳುತ್ತಲೇ ಇರಲಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿಕೊಂಡಿರಬೇಕಾದ ಥರ್ಮೋಸ್ಟಾಟ್ ತೆರೆದುಕೊಂಡೇ ಕೂತಿದೆ ಅಂತ ಗೊತ್ತಾಯಿತು. ಚಿಕ್ಕ ಕೆಲಸ. ಹೊಸ ಥರ್ಮೋಸ್ಟಾಟ್ ಹಾಕಿದ್ದು ಮುಕ್ಕಾಲು ಗಂಟೆಯಲ್ಲಿ. ಆದರೆ ಆಮೇಲೆ ಎಂಜಿನ್ ತಂಪಾಗಿಡುವ ಕೂಲೆಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ಲಾಕ್ ಬಿಡಿಸಬೇಕಲ್ಲ? ಅದಕ್ಕೆ ಎಂಜಿನ್ ಓಡಲೇಬೇಕು. ರೇಡಿಯೇಟರ್ ಬಾಯಿಗೆ ದೊಡ್ಡ ಆಲಿಕೆ ಇಟ್ಟು, ಹೀಟರ್ ಫುಲ್ ಮಾಡಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಬೇಕು. ಅರ್ಧ ಗಂಟೆ ಆಗಬಹುದು, ಜಾಸ್ತಿಯೂ ಆಗಬಹುದು.

ಗಾಡಿಯನ್ನು ಹೊರಗೆ ತಳ್ಳಿ ಅಲ್ಲೇ ಸ್ಟಾರ್ಟ್ ಮಾಡಬಹುದಿತ್ತು. ಬೆರಳು ಮರಗಟ್ಟುವ ಚಳಿಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ನಮ್ಮ ಗ್ಯಾರೇಜು ಮನೆಗೆ ಅಂಟಿಕೊಂಡೇ ಇದೆ, ಒಂದು ಬಾಗಿಲು ದಾಟಿದರೆ ಅಡುಗೆಮನೆ. ನಾವೇನೂ ಅಷ್ಟು ದಡ್ಡರಲ್ಲ ಅಂದುಕೊಂಡು, ಬಟ್ಟೆ ಒಣಗಿಸುವ ಮೆಷಿನ್ನಿಗೆ ಹಾಕುವ ಅಲ್ಯೂಮಿನಿಯಂ ಪೈಪನ್ನು ಸೈಲೆನ್ಸರ್ ತುದಿಗೆ ಕ್ಲಾಂಪ್ ಹಾಕಿ ಬಿಗಿದೆವು. ಇನ್ನೊಂದು ತುದಿಯನ್ನು ಶಟರ್ ಕೆಳಗಿಂದ ಹೊರಗೆ ಬಿಟ್ಟೆವು. ಉಳಿದ ಸಂದಿಗೆ ಚಳಿ ಬರದಿರಲಿ ಅಂತ ಹಳೇ ಟವೆಲ್ ತುರುಕಿದ್ದು ನಾನೇ. ಮೂಲೆಯಲ್ಲಿ ಪ್ರೊಪೇನ್ ಹೀಟರ್ ಬೆಳಿಗ್ಗೆಯಿಂದಲೂ ಉರಿಯುತ್ತಿತ್ತು. ಮುಚ್ಚಿದ ಜಾಗದಲ್ಲಿ ಬಳಸಬೇಡಿ ಅಂತ ಅದರ ಮೈಮೇಲೆಯೇ ಬರೆದಿದೆ. ಎಷ್ಟೋ ಸಲ ಓದಿದ್ದೇನೆ.

ಸ್ಟಾರ್ಟ್ ಮಾಡಿದ ತಕ್ಷಣ ಬಲಗಡೆಯಿಂದ ಟಕ್ ಟಕ್ ಟಕ್ ಅಂತ ಸದ್ದು. ಹೊಸದೇನಲ್ಲ, ದೀಪಾವಳಿಯ ಹೊತ್ತಿನಿಂದಲೂ ಇತ್ತು. ಎಂಜಿನ್ ತಣ್ಣಗಿದ್ದಾಗ ಬರುತ್ತದೆ, ಬಿಸಿಯಾದ ಮೇಲೆ ಹೋಗುತ್ತದೆ. ‘ಟ್ಯಾಪೆಟ್ ಸದ್ದು ಗುರು, ಆಯಿಲ್ ಮೇಲೇರಿದರೆ ಸರಿಹೋಗುತ್ತೆ’ ಅಂದ ದಾವಣಗೆರೆ. ಐದು ನಿಮಿಷಕ್ಕೆ ನಿಂತೇ ಹೋಯಿತು. ನೋಡಿದ್ಯಾ, ನಾನ್ ಹೇಳ್ಲಿಲ್ವಾ ಅಂತ ಅವನು ಬೀಗಿದ.

ಹಾಸನ ಆಲಿಕೆ ಕಾಯಲು ನಿಂತ. ಅದರಲ್ಲಿ ಕೂಲೆಂಟ್ ಒಮ್ಮೆ ಕೆಳಗಿಳಿಯುತ್ತದೆ, ಆಮೇಲೆ ಗುಳುಕ್ ಅಂತ ಒಂದು ದಪ್ಪ ಗುಳ್ಳೆ ಬರುತ್ತದೆ. ಮತ್ತೆ ಕಾಯಬೇಕು. ಅನ್ನಕ್ಕೆ ಕುದಿ ಬಂತಾ ಅಂತ ಪಾತ್ರೆಗೆ ಬಗ್ಗಿ ನೋಡುವ ಹಾಗೆ ಅವನು ಬಾನೆಟ್ ಕೆಳಗೆ ತಲೆ ಇಟ್ಟುಕೊಂಡೇ ಇದ್ದ. ನಾನು ಪಕ್ಕದಲ್ಲಿ ಬೆಲ್ಟ್ ನೋಡುತ್ತಿದ್ದೆ. ದಾವಣಗೆರೆ ಕಾಫಿ ನೆಪದಲ್ಲಿ ಒಳಗೂ ಹೊರಗೂ ಓಡಾಡುತ್ತಿದ್ದ. ಅವನಿಗೆ ಏನೂ ಆಗದೆ ಉಳಿದದ್ದು ಅದೇ ಕಾರಣಕ್ಕೆ.

ಇಪ್ಪತ್ತು ನಿಮಿಷ ಆಗಿರಬೇಕು. ಹಾಸನ ‘ತಲೆ ಯಾಕೋ ಭಾರ ಕಣೋ’ ಅಂದ. ಅವನದು ಶನಿವಾರದ ಒಪ್ಪೊತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆಗೆ ತಲೆನೋವು ಬರದೆ ಇನ್ನೇನು ಬರುತ್ತೆ ಮಗಾ ಅಂತ ನಾವಿಬ್ಬರೂ ನಕ್ಕೆವು. ನನಗೂ ಹಣೆ ಬಿಗಿಯುತ್ತಿತ್ತು. ಚಳಿಗೆ ಅಂದುಕೊಂಡೆ.

ಅಷ್ಟರಲ್ಲಿ ಒಳಗಿಂದ ನನ್ನ ಹೆಂಡತಿಯ ದನಿ. ‘ರೀ, ಪ್ಯಾಸೇಜಿನಲ್ಲಿರೋ ಆ ಡಬ್ಬಿ ಮತ್ತೆ ಕೂಗ್ತಿದೆ.’

ಡಬ್ಬಿ ಅಂದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ. ಒಂದು ವಾರದಿಂದ ಅದು ನಿಮಿಷಕ್ಕೊಂದು ಸಲ ಕೀಂ ಅನ್ನುತ್ತಿತ್ತು, ನಾನು ಬ್ಯಾಟರಿ ಬದಲಾಯಿಸಿರಲಿಲ್ಲ. ಇದೂ ಅದೇ ಅಂತ ಕೂತಲ್ಲಿಂದಲೇ ಹೇಳಿದೆ: ‘ಬ್ಯಾಟರಿ ತೆಗೆದು ಇಡು ಮಾರಾಯ್ತಿ, ಆಮೇಲೆ ನೋಡೋಣ.’

ಅವಳು ತೆಗೆದಿಟ್ಟಳು. ಈ ಬರಹದಲ್ಲಿ ನನಗೆ ಬರೆಯಲು ಕಷ್ಟವಾದ ಸಾಲು ಅದೇ. ಅದು ಆವತ್ತು ಕೂಗಿದ್ದು ಒಂದು ಸಲ ಅಲ್ಲ, ಸತತವಾಗಿ ನಾಲ್ಕು ಸಲ, ಸ್ವಲ್ಪ ಬಿಟ್ಟು ಮತ್ತೆ ನಾಲ್ಕು ಸಲ. ಆಗೊಮ್ಮೆ ಈಗೊಮ್ಮೆ ಒಂದು ಕೀಂ ಅಂದರೆ ಬ್ಯಾಟರಿ ಮುಗಿದಿದೆ ಅಥವಾ ಅಲಾರಂನ ಆಯಸ್ಸೇ ಮುಗಿದಿದೆ. ನಾಲ್ಕು ನಾಲ್ಕಾಗಿ ಕೂಗಿದರೆ ಗಾಳಿಯಲ್ಲಿ ವಿಷ ಇದೆ, ಎದ್ದು ಹೊರಗೆ ಹೋಗಿ ಅಂತ ಅರ್ಥ.

ಇನ್ನೂ ಹತ್ತಿಪ್ಪತ್ತು ನಿಮಿಷ ಕಳೆಯಿತು. ಹಾಸನ ಕೈಯಿಂದ ಸಾಕೆಟ್ ಬೀಳಿಸಿದ. ಎತ್ತಿಕೊಳ್ಳಲು ಬಗ್ಗಿದವನ ಕೈ ಸಾಕೆಟ್ ಪಕ್ಕದಲ್ಲೇ ಎರಡು ಸಲ ನೆಲ ತಡಕಿತು. ಮೂರನೇ ಸಲಕ್ಕೆ ಮೊಣಕಾಲು ಮಡಚಿ ಕೂತುಬಿಟ್ಟ. ವಾಂತಿ ಬರೋ ಹಾಗಿದೆ ಅಂದ. ಎಂಜಿನ್ ಆಫ್ ಮಾಡಿ ಅವನನ್ನು ಹಿಡಿದುಕೊಂಡು ಮನೆಯೊಳಗೆ ಕರೆತಂದೆವು. ಹೊರಗೆ ಕರೆದೊಯ್ಯಬೇಕಿತ್ತು, ಆದರೆ ಚಳಿಯಲ್ಲಿ ಕಾಯಿಲೆಯವನನ್ನು ಯಾರಾದರೂ ಹೊರಗೆ ಕೂರಿಸುತ್ತಾರಾ?

ಮನೆಯಲ್ಲಿ ಕೋವಿಡ್ ಸಮಯದ ಆಕ್ಸಿಮೀಟರ್ ಇತ್ತು. ಬೆರಳಿಗೆ ಸಿಕ್ಕಿಸಿದೆ. 98 ತೋರಿಸಿತು. ಅಬ್ಬಾ ಅಂತ ನನಗೆ ಜೀವ ಬಂತು. ಆಕ್ಸಿಜನ್ 98 ಇದೆ ಅಂದಮೇಲೆ ಉಸಿರಿಗೆ ಸಂಬಂಧಪಟ್ಟದ್ದಲ್ಲ, ಶುಗರ್ ಇಳಿದಿರಬೇಕು, ಒಂದು ಲೋಟ ಪಾನಕ ಮಾಡು ಅಂತ ಹೆಂಡತಿಗೆ ಹೇಳಿದೆ.

ಅವಳು ಅಲ್ಲಾಡಲಿಲ್ಲ. ಹಣೆ ಒತ್ತಿಕೊಳ್ಳುತ್ತಾ ಕೇಳಿದಳು: ‘ಒಪ್ಪೊತ್ತು ಮಾಡಿದ್ದು ಅವರು. ತಲೆನೋವು ನನಗ್ಯಾಕೆ?’

ನಾನು ಸೋಫಾ ಕಡೆ ನೋಡಿದೆ. ಆರು ವರ್ಷದ ಮಗಳು, ಶನಿವಾರ ಒಂದು ನಿಮಿಷ ಕೂರದವಳು, ಮಧ್ಯಾಹ್ನ ಹನ್ನೆರಡಕ್ಕೆ ಬಾಯಿ ತೆರೆದು ಮಲಗಿದ್ದಳು.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಮಗಳನ್ನು ಎತ್ತಿಕೊಂಡು ಎಲ್ಲರೂ ಹೊರಗೋಡಿದೆವು. ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ದಾವಣಗೆರೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಅವನ ಕಾರಿನಲ್ಲಿ ಎಲ್ಲರನ್ನೂ ಕೂರಿಸಿದ. ಅಗ್ನಿಶಾಮಕದವರು ಮೀಟರ್ ಹಿಡಿದು ಒಳಗೆ ಹೋದರು. ಗ್ಯಾರೇಜಿನಲ್ಲಿ 380 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 380 ಭಾಗ ಕಾರ್ಬನ್ ಮಾನಾಕ್ಸೈಡ್. ಅದೂ ಎಂಜಿನ್ ನಿಲ್ಲಿಸಿ ಎಷ್ಟೋ ಹೊತ್ತಾದ ಮೇಲೆ. ಪ್ಯಾಸೇಜಿನಲ್ಲಿ 110. ಅವರಲ್ಲೊಬ್ಬರು ನಮ್ಮ ಹಳೇ ಡಬ್ಬಿಗೆ ಮತ್ತೆ ಬ್ಯಾಟರಿ ಹಾಕಿದರು. ಸ್ವಲ್ಪ ಹೊತ್ತಿಗೆ ನಾಲ್ಕು ನಾಲ್ಕಾಗಿ ಕಿರುಚತೊಡಗಿತು. ಹಿಂದೆ ತಿರುಗಿಸಿ ತೋರಿಸಿದರು, ತಯಾರಾದದ್ದು 2011. ಆಯಸ್ಸು ಮುಗಿದು ಎಷ್ಟೋ ವರ್ಷವಾದರೂ ಪುಣ್ಯಕ್ಕೆ ತನ್ನ ಕೆಲಸ ಮಾಡಿತ್ತು. ಮಾಡದವನು ನಾನು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯಿತು. ಈ ಅನಿಲ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಸನನ ಹಿಮೋಗ್ಲೋಬಿನ್ನಿನಲ್ಲಿ ಶೇ 24 ಅದರ ಹಿಡಿತದಲ್ಲಿತ್ತು. ನನ್ನದು ಶೇ 17, ಹೆಂಡತಿ, ಮಗಳದು ಹತ್ತರ ಒಳಗೆ. ಆಕ್ಸಿಮೀಟರ್ 98 ತೋರಿಸಿದ್ದು ಯಾಕೆ ಅಂತ ಡಾಕ್ಟರನ್ನು ಕೇಳಿದೆ. ಅದು ರಕ್ತದ ಬಣ್ಣ ನೋಡಿ ಲೆಕ್ಕ ಹಾಕುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಕ್ಸಿಜನ್ ತುಂಬಿದ ರಕ್ತದಷ್ಟೇ ಕೆಂಪು. ಈ ವಿಷಕ್ಕೆ ಬೆರಳಿನ ಆಕ್ಸಿಮೀಟರನ್ನು ನಂಬಲೇಬಾರದು ಅಂದರು. ನಮ್ಮವರ ಬಹಳಷ್ಟು ಮನೆಗಳಲ್ಲಿ ಇನ್ನೂ ಆ ಮೆಷಿನ್ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಾಮೂಲಿ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಹಾಸನ ಸಂಜೆವರೆಗೂ ಮಾಸ್ಕಿನಲ್ಲೇ ಇದ್ದ. ಆಮೇಲೆ ವಾರಗಳ ತನಕ ಮರೆವು, ಗೊಂದಲ ಕಾಣಿಸಿಕೊಳ್ಳಬಹುದು, ಕಂಡರೆ ಬನ್ನಿ ಅಂತ ಹೇಳಿ ಕಳಿಸಿದರು. ಒಂದು ತಿಂಗಳು ಅವನ ಹೆಂಡತಿ ದಿನಾ ಬೆಳಿಗ್ಗೆ ಮಗ್ಗಿ ಕೇಳುತ್ತಿದ್ದರಂತೆ. ಹದಿಮೂರರ ಮಗ್ಗಿ ತಪ್ಪಿದ. ಅದು ಮೊದಲಿಂದಲೂ ಬರುತ್ತಿರಲಿಲ್ಲ ಅಂತ ಅವನ ವಾದ.

ಈಗ ಆ ಸ್ಟಡ್ ವಿಷಯಕ್ಕೆ ಬರುತ್ತೇನೆ. ಒಂದು ವಾರ ಬಿಟ್ಟು ಟಾರ್ಚ್ ಹಾಕಿ ನೋಡಿದೆವು. ಬಲಗಡೆ ಮ್ಯಾನಿಫೋಲ್ಡಿನ ಹಿಂದಿನ ಸ್ಟಡ್ ಮುರಿದಿತ್ತು, ಸಂದಿಯ ಸುತ್ತ ಬೆರಳಗಲ ಮಸಿ. ಟಕ್ ಟಕ್ ಅಂದದ್ದು ಟ್ಯಾಪೆಟ್ ಅಲ್ಲ, ಆ ಸಂದಿಯಿಂದ ಹೊಗೆ ಹೊರಬೀಳುವ ಸದ್ದು. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸಂದಿ ಕಿರಿದಾಗುತ್ತದೆ, ಸದ್ದು ನಿಲ್ಲುತ್ತದೆ. ಸೋರುವುದು ಪೂರ್ತಿ ನಿಂತಿತು ಅಂತಲ್ಲ.

ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡನ್ನು ಕಡಿಮೆ ಮಾಡುವುದು ಕ್ಯಾಟಲಿಟಿಕ್ ಕನ್ವರ್ಟರ್. ಅದು ಇರುವುದು ಮ್ಯಾನಿಫೋಲ್ಡ್ ಆದ ಮೇಲೆ, ಗಾಡಿಯ ಹೊಟ್ಟೆ ಕೆಳಗೆ. ಅದೂ ಚೆನ್ನಾಗಿ ಬಿಸಿಯಾದ ಮೇಲೇ ಕೆಲಸ ಶುರುಮಾಡುವುದು. ಅಂದರೆ ನಾವು ಪೈಪ್ ಹಾಕಿ ಹೊರಗೆ ಕಳಿಸಿದ್ದು ತಕ್ಕಮಟ್ಟಿಗೆ ಶುದ್ಧವಾದ ಹೊಗೆಯನ್ನು. ಹಸಿ ಹೊಗೆ ಬಾನೆಟ್ ಕೆಳಗಿಂದ ನೇರವಾಗಿ ಹಾಸನನ ಮುಖಕ್ಕೆ. ಉದ್ದ ಪೈಪು ಸೊಟ್ಟಗೆ ಮಡಚಿಕೊಂಡಿದ್ದರಿಂದ ಹಿಂದೆ ಒತ್ತಡ ಜಾಸ್ತಿಯಾಗಿ ಸೋರುವುದೂ ಹೆಚ್ಚಾಗಿರಬೇಕು. ಜೊತೆಗೆ ಪ್ರೊಪೇನ್ ಹೀಟರಿನದೂ ಅಷ್ಟೋ ಇಷ್ಟೋ ಪಾಲು. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಗಾಳಿ ಮೇಲಿನಿಂದ ಹೊರಹೋಗುತ್ತಾ ಕೆಳಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಕೆಳಗೆ ಇದ್ದದ್ದು ಗ್ಯಾರೇಜು.

ಬೆಂಗಳೂರಿನಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಸತ್ತರು ಅನ್ನುವ ಸುದ್ದಿ ಪೇಪರಿನಲ್ಲಿ ಬರುತ್ತದಲ್ಲ, ಕೊಲ್ಲುವುದು ಇದೇ ಅನಿಲ. ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾರೇಜಿನಲ್ಲಿ ನಮಗೆ ಬಂದದ್ದು ಕೂಲೆಂಟಿನ ಸಿಹಿ ವಾಸನೆ ಮಾತ್ರ.

ಗ್ಯಾರೇಜಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಶಟರ್ ಪೂರ್ತಿ ತೆರೆದಿದ್ದರೂ ಬೇಡ, ಎರಡೇ ನಿಮಿಷ ಆದರೂ ಬೇಡ. ಗಾಡಿ ತಳ್ಳಿ, ನಾಲ್ಕು ಜನ ಬೇಕಾದರೆ ನಾಲ್ಕು ಜನರನ್ನು ಕರೆಯಿರಿ. ತಣ್ಣಗಿದ್ದಾಗ ಬಂದು ಬಿಸಿಯಾದರೆ ಹೋಗುವ ಟಕ್ ಟಕ್ ಇದ್ದರೆ ಮ್ಯಾನಿಫೋಲ್ಡ್ ಹತ್ತಿರ ಮಸಿ ಹುಡುಕಿ. ಮುರಿದ ಸ್ಟಡ್ ನೀವೇ ತೆಗೆಯಲು ಹೋಗಬೇಡಿ. ನಾವು ಆಯಿಲ್ ಹಾಕಿ ಎರಡು ದಿನ ಒದ್ದಾಡಿ, ಕೊನೆಗೆ ವೆಲ್ಡಿಂಗ್ ಗೊತ್ತಿರುವ ಮೆಕ್ಯಾನಿಕ್‌ಗೆ 600 ಡಾಲರ್ ಕೊಟ್ಟೆವು. ಅವನು ಮುರಿದ ತುಂಡಿಗೆ ನಟ್ ವೆಲ್ಡ್ ಮಾಡಿ ತಿರುಗಿಸಿದ, ಬಂದೇಬಿಟ್ಟಿತು. ಮತ್ತೆ, ಒಂದೇ ಸೂರಿನಡಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಹೊರಗೆ ನಿಂತು ಹುಡುಕಿ.

ಏರ್ ಲಾಕ್ ಕೆಲಸ ಮುಗಿದದ್ದು ಏಪ್ರಿಲ್‌ನಲ್ಲಿ, ಮನೆ ಮುಂದಿನ ಬಯಲಲ್ಲಿ. ಇಪ್ಪತ್ತೈದು ನಿಮಿಷಕ್ಕೆ ಗುಳ್ಳೆ ನಿಂತಿತು. ಅವತ್ತೂ ಶನಿವಾರವೇ. ಹಾಸನ ಹತ್ತಡಿ ದೂರ ನಿಂತು ಟಾರ್ಚ್ ಹಿಡಿದಿದ್ದ, ಮಟಮಟ ಮಧ್ಯಾಹ್ನದಲ್ಲಿ. ಒಪ್ಪೊತ್ತನ್ನು ಸೋಮವಾರಕ್ಕೆ ಬದಲಾಯಿಸಿಕೊಂಡಿದ್ದಾನೆ.