ನಲಿ-ಕಲಿ ತರಗತಿ: ಮಗುವನ್ನು ಸೇರಿಸುವ ಮುನ್ನ ಒಂದು ಪರಾಮರ್ಶೆ

ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳ ಬಗ್ಗೆ ಪೋಷಕರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅಲ್ಲಿ ಬರೀ ಆಟ, ಪಾಠವೇ ನಡೆಯುವುದಿಲ್ಲ ಎನ್ನುವವರು ಕೆಲವರು. ಮಗುವಿಗೆ ಹೊರೆ ಇಲ್ಲದಿದ್ದರೆ ಸಾಕು, ಕಲಿಕೆ ನಿಧಾನವಾಗಿ ಬರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುವವರು ಇನ್ನು ಕೆಲವರು. ಇವರಲ್ಲಿ ಹೆಚ್ಚಿನವರು ಆ ಕೊಠಡಿಯೊಳಗೆ ಒಂದು ಬೆಳಗ್ಗೆಯಾದರೂ ಕುಳಿತು ನೋಡಿದವರಲ್ಲ ಎಂಬುದು ನನ್ನ ಅನುಮಾನ. ಮನೆಯ ಮಗುವೊಂದನ್ನು ಒಂದನೇ ತರಗತಿಗೆ ಸೇರಿಸುವ ಪ್ರಸ್ತಾಪ ಬಂದಾಗ, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಸುತ್ತಮುತ್ತಲಿನ ಕೆಲವು ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಈ ಮೂರೂ ತರಗತಿಗಳ ಮಕ್ಕಳು ಒಟ್ಟಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಕೊಠಡಿಗಳಲ್ಲಿ ಕುಳಿತು ನೋಡಿದ ಮೇಲೆ ಈ ಪರಾಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಅಕ್ಷರ ಕಲಿಸುವ ಕ್ರಮಕ್ಕೆ ಪೂರ್ಣ ಅಂಕ ಕೊಡುತ್ತೇನೆ, ಅಕ್ಷರ ಕಲಿತ ಮೇಲೆ ಓದಲು ಸಿಗುವ ಪುಸ್ತಕಗಳಿಗೆ ಅರ್ಧ, ಮೈದಾನದ ಆಟಕ್ಕೆ ಅದಕ್ಕಿಂತಲೂ ಕಡಿಮೆ. ಈ ಅಂಕಗಳೆಲ್ಲ ಕೊಠಡಿಯಲ್ಲಿರುವ ಒಬ್ಬ ಶಿಕ್ಷಕಿಗೆ ಎಷ್ಟು ಬಿಡುವು ಸಿಗುತ್ತದೆ ಎಂಬುದನ್ನು ಅವಲಂಬಿಸಿ ಏರುತ್ತವೆ, ಇಳಿಯುತ್ತವೆ.

ಈ ಪದ್ಧತಿ ಯಾವುದೋ ಕಚೇರಿಯಲ್ಲಿ ರೂಪುಗೊಂಡು ಸುತ್ತೋಲೆಯ ಮೂಲಕ ಇಳಿದುಬಂದದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯಿರುವ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳ ಮಕ್ಕಳಿಗೆ ಕಾರ್ಡುಗಳ ಮೂಲಕ ಕಲಿಸುತ್ತಿದ್ದುದನ್ನು ಕಂಡು ಬಂದರು. ಯುನಿಸೆಫ್ ನೆರವಿನೊಂದಿಗೆ ನಮ್ಮ ಪಠ್ಯಕ್ಕೂ ನಮ್ಮ ಭಾಷೆಗೂ ಹೊಂದುವಂತೆ ಅದನ್ನು ತಾವೇ ಹೊಸದಾಗಿ ಕಟ್ಟಿದರು. ಕಾಡಂಚಿನ ಆ ತಾಲ್ಲೂಕಿನಲ್ಲಿ ಬೇರೂರಿದ ಪ್ರಯೋಗವು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಮಕ್ಕಳೊಂದಿಗೆ ದಿನವಿಡೀ ಕಳೆಯುವವರೇ ರೂಪಿಸಿದ್ದು ಎಂಬುದು ಅದರ ಸಣ್ಣಪುಟ್ಟ ಏರ್ಪಾಡುಗಳಲ್ಲೂ ಎದ್ದು ಕಾಣುತ್ತದೆ.

ಕೊಠಡಿಯನ್ನೇ ನೋಡಿ. ಬೆಂಚುಗಳ ಸಾಲು ಇಲ್ಲ. ಮಕ್ಕಳು ನೆಲದ ಮೇಲೆ ಅಥವಾ ಗಿಡ್ಡ ಮೇಜುಗಳ ಸುತ್ತ ಗುಂಪುಗಳಲ್ಲಿ ಕೂರುತ್ತಾರೆ; ಒಂದು, ಎರಡು, ಮೂರನೇ ತರಗತಿಯವರು ಒಂದೇ ಗುಂಪಿನಲ್ಲಿ ಬೆರೆತಿರುತ್ತಾರೆ. ಗೋಡೆಯ ಕೆಳಭಾಗಕ್ಕೆ, ಆರು ವರ್ಷದ ಮಗುವಿನ ಕೈಗೆಟುಕುವ ಎತ್ತರಕ್ಕೆ, ಕಪ್ಪು ಬಣ್ಣ ಬಳಿದಿರುತ್ತಾರೆ. ಪ್ರತಿ ಮಗುವಿಗೂ ಅದರಲ್ಲೊಂದು ಚೌಕ ಮೀಸಲು. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನೂ ಕಾಗದದ ಕೆಲಸಗಳನ್ನೂ ತೂಗುಹಾಕಿರುತ್ತಾರೆ, ಅದಕ್ಕೆ ಚಪ್ಪರ ಎಂದೇ ಹೆಸರು. ಬಿಸಿಲೋ ಮೋಡವೋ ಎಂದು ಮಕ್ಕಳೇ ಗುರುತಿಸುವ ಹವಾಮಾನ ನಕ್ಷೆ ಒಂದು ಗೋಡೆಯಲ್ಲಿದ್ದರೆ, ಇನ್ನೊಂದು ಗೋಡೆಯಲ್ಲಿ ಕಲಿಕಾ ಏಣಿ ಇರುತ್ತದೆ. ಮಗು ಮಾಡಬೇಕಾದ ಚಟುವಟಿಕೆಗಳೆಲ್ಲ ಆ ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಚಿತ್ರದ ಗುರುತಿನೊಂದಿಗೆ ಇರುತ್ತವೆ; ಓದಲು ಬಾರದ ಮಗುವೂ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಬೆರಳಿಟ್ಟು ತೋರಿಸಬಲ್ಲದು. ಜ್ವರ ಬಂದು ಒಂದು ವಾರ ಮನೆಯಲ್ಲಿ ಉಳಿದ ಮಗು ಮರಳಿ ಬಂದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಬೆಳೆ ಕೊಯ್ಲಿಗೆ, ಜಾತ್ರೆಗೆ, ಅಜ್ಜಿ ಮನೆಗೆ ಎಂದು ಮಕ್ಕಳು ಶಾಲೆ ತಪ್ಪಿಸುವ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನಾವುದೂ ಇರಲಾರದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಕ್ಷರಗಳ ಜೋಡಣೆ. ನಾವೆಲ್ಲ ಅ, ಆ, ಇ, ಈ ಎಂದು ಶುರುಮಾಡಿ, ಸ್ವರ ಮುಗಿಸಿ, ಕಾಗುಣಿತಕ್ಕೆ ಬರುವ ವೇಳೆಗೆ ಅರ್ಧ ವರ್ಷ ಕಳೆದು, ಒಂದು ಪದವನ್ನೂ ಓದದೆ ಕೂತವರು. ಋ ಮತ್ತು ಙ ತಿದ್ದಿ ತಿದ್ದಿ ಬೆರಳು ನೋಯುತ್ತಿತ್ತೇ ಹೊರತು ಅವುಗಳಿಂದ ಓದುವ ಸುಖ ಸಿಗುತ್ತಿರಲಿಲ್ಲ. ನಲಿ-ಕಲಿಯಲ್ಲಿ ಮೊದಲು ಬರುವ ಗುಂಪು ರ, ಗ, ಸ, ದ, ಅ. ಇವುಗಳಲ್ಲಿ ಹೆಚ್ಚಿನವು ಬರವಣಿಗೆಯಲ್ಲಿ ಒಂದಕ್ಕೊಂದು ಹತ್ತಿರ. ದುಂಡು ಮೈ, ಮೇಲೊಂದು ತಲೆಕಟ್ಟು, ಅಲ್ಲಲ್ಲಿ ಒಂದು ಸಣ್ಣ ತಿರುವು. ಈ ಐದೇ ಅಕ್ಷರಗಳಿಂದ ಸರ, ರಸ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಕೈಗೆ ಬರುತ್ತವೆ, ಒತ್ತಕ್ಷರವೂ ಬೇಡ, ಕಾಗುಣಿತವೂ ಬೇಡ. ಮುಂದಿನ ಗುಂಪು ಜ, ವ, ಮ, ಬ, ನ. ಅದು ಸೇರಿದ ಕೂಡಲೇ ಜನ, ಮರ, ವನ, ನಗರ ಎಂದು ಪದಗಳ ರಾಶಿ ಒಮ್ಮೆಲೇ ಬೆಳೆಯುತ್ತದೆ. ಹೀಗೆ ಮಗು ವರ್ಣಮಾಲೆ ಮುಗಿಯುವುದನ್ನು ಕಾಯದೆ ಓದತೊಡಗುತ್ತದೆ. ಮನೆಯಲ್ಲಿ ಅಜ್ಜ-ಅಜ್ಜಿಯರು 'ಇನ್ನೂ ಅಆಇಈ ಹೇಳಲು ಬರುವುದಿಲ್ಲವಲ್ಲ' ಎಂದು ಗೊಣಗುವುದುಂಟು. ಅವರ ಮುಂದೆ ಒಂದು ಹಾಳೆಯಲ್ಲಿ ಗರಗಸ ಎಂದು ಬರೆದು ಮಗುವಿಗೆ ಕೊಟ್ಟರೆ ಗೊಣಗಾಟ ತಾನಾಗಿಯೇ ನಿಲ್ಲುತ್ತದೆ.

ಇದೇ ಪದದ ಕಾರ್ಡು ಹಿಡಿದು ಕೂತಿದ್ದ ಒಬ್ಬ ಹುಡುಗ 'ಗ… ರ… ಗ' ಎಂದವನು ಅಲ್ಲಿಯೇ ತಡವರಿಸಿ ನಿಂತ. ಪಕ್ಕದಲ್ಲಿದ್ದ ಎರಡನೇ ತರಗತಿಯ ಹುಡುಗಿ ಉತ್ತರ ಹೇಳಲಿಲ್ಲ. ತನ್ನ ಕೈಯನ್ನು ಅವನ ಮೊಣಕಾಲಿನ ಮೇಲಿಟ್ಟು ಮರ ಕೊಯ್ಯುವಂತೆ ಹಿಂದೆ ಮುಂದೆ ಎಳೆದಳು. ಅವನು ನಗುತ್ತಲೇ ಪದವನ್ನು ಪೂರ್ತಿ ಓದಿದ. ಶಿಕ್ಷಕಿ ಆಗ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಸ್ವಲ್ಪ ಸಹಾಯ ಸಾಕಾದವರು, ಗೆಳೆಯರ ನೆರವಿನಿಂದ ಕಲಿಯುವವರು, ತಾವಾಗಿಯೇ ಅಭ್ಯಾಸ ಮಾಡುವವರು ಎಂದು ಮಕ್ಕಳನ್ನು ಬೇರೆ ಬೇರೆ ತಟ್ಟೆಗಳಲ್ಲಿ (ಗುಂಪುಗಳಿಗೆ ಇಲ್ಲಿ ಅದೇ ಹೆಸರು) ಕೂರಿಸುವುದು ಈ ಪದ್ಧತಿಯ ಮುಖ್ಯ ಉಪಾಯ. ಮಗು ಒಂದು ತಟ್ಟೆಯಲ್ಲಿ ಖಾಯಂ ಆಗಿ ಕೂರುವುದಿಲ್ಲ. ಚಟುವಟಿಕೆ ಮುಗಿದಂತೆ ತಟ್ಟೆ ಬದಲಾಗುತ್ತದೆ. ಇಂದು ಕಲಿಸಿದವಳು ನಾಳೆ ಕಲಿಯುವವಳಾಗುತ್ತಾಳೆ. ಹಿಂದುಳಿದವರ ಬೆಂಚು ಎಂಬುದೊಂದು ಇಲ್ಲದ ತರಗತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದುಬಾರಿ ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಾಲೆಗಳಲ್ಲಂತೂ ಕಂಡಿಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೆಯಬೇಕಾದರೆ ಶಿಕ್ಷಕಿ ಕೊಠಡಿಯಲ್ಲಿರಬೇಕು, ಮತ್ತು ಅವರ ಗಮನ ಕೊಠಡಿಯಲ್ಲಿರಬೇಕು. ಚಿಕ್ಕ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಇರುವವರೇ ಇಬ್ಬರು. ಒಬ್ಬರು ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರು ನಾಲ್ಕು ಮತ್ತು ಐದನೇ ತರಗತಿಯನ್ನು ನೋಡಿಕೊಳ್ಳುತ್ತಾರೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ತರಬೇತಿ, ಚುನಾವಣೆ ಕೆಲಸ, ಗಣತಿ, ಎಲ್ಲವೂ ಇವರಿಬ್ಬರ ಪಾಲಿಗೇ. ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿಗಳು ಒಂದೇ ಸೂರಿನಡಿ ಬರುತ್ತವೆ. ಅಂತಹ ದಿನ ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ, ಮಕ್ಕಳು ಬೋರ್ಡಿನ ಮೇಲಿದ್ದುದನ್ನು ಸ್ಲೇಟಿಗೆ ಇಳಿಸುತ್ತಾರೆ. ನಾನು ನೋಡಿದ ಒಂದು ಶಾಲೆಯಲ್ಲಿ, ಯಾವ ಮಗು ಏಣಿಯಲ್ಲಿ ಎಲ್ಲಿದೆ ಎಂದು ಗುರುತಿಸುವ ಪ್ರಗತಿ ನೋಟದ ಹಾಳೆ ಗೋಡೆಯ ಮೇಲೆ ಅಚ್ಚುಕಟ್ಟಾಗಿತ್ತು, ಆದರೆ ಅದರಲ್ಲಿ ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲಿನಲ್ಲಿದ್ದರು. ಪ್ರತಿ ಮಗುವೂ ತನ್ನ ವೇಗದಲ್ಲಿ ಏರುವ ಏಣಿಯಲ್ಲಿ ಎಲ್ಲರೂ ಒಂದೇ ಮೆಟ್ಟಿಲಿನಲ್ಲಿ ನಿಂತಿದ್ದಾರೆಂದರೆ ಆ ಹಾಳೆಯನ್ನು ತುಂಬಿದ್ದು ಮಕ್ಕಳಿಗಾಗಿ ಅಲ್ಲ, ತಪಾಸಣೆಗೆ ಬರುವವರಿಗಾಗಿ. ಪೋಷಕರು ಮೊದಲು ಈ ಹಾಳೆಯನ್ನೇ ಓದಬೇಕು.

ಎರಡನೆಯ ಕೊರತೆ ಪುಸ್ತಕದ್ದು. ಅಕ್ಷರ ಕೂಡಿಸಿ ಓದಲು ಬಂದ ಮಗುವಿಗೆ ಓದುವುದಕ್ಕೆ ಏನಾದರೂ ಬೇಕಲ್ಲವೇ? ಕಾರ್ಡು ಮತ್ತು ಅಭ್ಯಾಸ ಪುಸ್ತಕಗಳ ವಾಕ್ಯಗಳು ಓದನ್ನು ಕಲಿಸುತ್ತವೆ, ಓದಿನ ಹಸಿವನ್ನು ಹುಟ್ಟಿಸುವುದಿಲ್ಲ. 'ಅಗಸ ಸರ ತರುವ' ಎಂಬಂಥ ವಾಕ್ಯವನ್ನು ಎರಡನೇ ಸಲ ಓದಬೇಕೆಂದು ಯಾವ ಮಗುವಿಗೂ ಅನ್ನಿಸಲಿಕ್ಕಿಲ್ಲ. ಶಾಲೆಗಳಲ್ಲಿ ಕಥೆ ಪುಸ್ತಕಗಳು ಇರುತ್ತವೆ, ಬೀರುವಿನಲ್ಲಿ, ಬೀಗದ ಹಿಂದೆ. ಹರಿದರೆ ಯಾರು ಉತ್ತರ ಕೊಡುವುದು ಎಂಬ ಭಯ ದಾಸ್ತಾನು ಪುಸ್ತಕ ಹಿಡಿದವರಿಗೆ ಸಹಜ. ಹರಿಯದ ಕಥೆಪುಸ್ತಕ ಯಾರೂ ಓದದ ಕಥೆಪುಸ್ತಕವೇ ಎಂದು ಮೇಲಿನವರು ಒಪ್ಪಿಕೊಳ್ಳುವವರೆಗೂ ಈ ಬೀಗ ತೆರೆಯುವುದು ಕಷ್ಟ. ತರಗತಿಯಲ್ಲಿಯೇ ದಾರಕ್ಕೆ ಪುಸ್ತಕ ತೂಗುಹಾಕಿದ ಶಾಲೆಯೊಂದನ್ನು ನೋಡಿದೆ. ಅಲ್ಲಿ ಊಟದ ಗಂಟೆ ಹೊಡೆದರೂ ಇಬ್ಬರು ಮಕ್ಕಳು ತಟ್ಟೆ ಹಿಡಿಯದೆ ಒಂದೇ ಪುಸ್ತಕಕ್ಕೆ ತಲೆ ಬಾಗಿಸಿಕೊಂಡು ಕೂತಿದ್ದರು.

ಮನೆಯಲ್ಲಿ ಈ ಕೊರತೆ ತುಂಬಿಕೊಳ್ಳುವುದು ಈಗ ಅಷ್ಟೇನೂ ಖರ್ಚಿನ ಕೆಲಸವಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಹಂತಗಳಲ್ಲಿ ವಿಂಗಡಿಸಿರುವುದರಿಂದ ಈಗಷ್ಟೇ ಕೂಡಿಸಿ ಓದುವ ಮಗುವಿಗೆ ಮೊದಲ ಹಂತದ ಕಥೆಯನ್ನು ಆರಿಸಿಕೊಡಬಹುದು, ಬೇಕಾದರೆ ಮುದ್ರಿಸಿಕೊಳ್ಳಲೂಬಹುದು. ಕೆಲವು ಅನುವಾದಗಳ ಕನ್ನಡ ಬಿಗಿಯಾಗಿದೆ ಎಂಬುದು ನಿಜ, ಓದಿ ನೋಡಿ ಆರಿಸಬೇಕು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯಬಾರದು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಗ್ರಂಥಪಾಲಕರು ಉತ್ಸಾಹಿಗಳಾಗಿದ್ದರೆ ಶಾಲೆ ಬಿಟ್ಟ ಮೇಲೆ ಅಲ್ಲಿ ಗಟ್ಟಿ ಓದು, ಚದುರಂಗ, ಒಗಟು ಎಲ್ಲವೂ ನಡೆಯುತ್ತದೆ.

ಇನ್ನು ಆಟ. ಕೊಠಡಿಯೊಳಗಿನ ಆಟಕ್ಕೆ ಇಲ್ಲಿ ಕೊರತೆಯಿಲ್ಲ. ಹಾಡಿಗೆ ಅಭಿನಯ, ಹುಣಸೆ ಬೀಜದ ಎಣಿಕೆ, ದಾಳ ಎಸೆದು ಹಾವು-ಏಣಿಯಲ್ಲಿ ಸಂಖ್ಯೆ ಗುರುತಿಸುವುದು, ಇವೆಲ್ಲ ಪಾಠದ ಭಾಗವೇ. ಆದರೆ ಆರು ವರ್ಷದ ದೇಹಕ್ಕೆ ಓಡುವುದು, ಹಾರುವುದು, ಬೆವರುವುದು ಬೇರೆಯೇ ಬೇಕು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿರಿಯ ಪ್ರಾಥಮಿಕ ಶಾಲೆಗಳಿಗೆ ದೈಹಿಕ ಶಿಕ್ಷಕರು ಸಾಮಾನ್ಯವಾಗಿ ಇರುವುದೇ ಇಲ್ಲ. ಆಟದ ಅವಧಿ ವೇಳಾಪಟ್ಟಿಯಲ್ಲಿ ಇದ್ದರೂ ಒಂದು ಚೆಂಡನ್ನು ಅಂಗಳಕ್ಕೆ ಎಸೆದು ಬಿಡುವುದರಲ್ಲಿ ಮುಗಿಯುತ್ತದೆ. ಆ ಚೆಂಡು ಐದನೇ ತರಗತಿಯ ಹುಡುಗರ ಕಾಲಿಗೆ ಸಿಕ್ಕರೆ ಚಿಕ್ಕವರು ಗೋಡೆಗೆ ಒರಗಿ ನಿಲ್ಲುವುದೇ. ಹುಡುಗಿಯರ ಪಾಡು ಇನ್ನೂ ಒಂದು ತೂಕ ಕಡಿಮೆ. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಹೆಚ್ಚಾಗಿ ದೊಡ್ಡ ಮಕ್ಕಳವು. ಪ್ರತಿಭಾ ಕಾರಂಜಿಯಲ್ಲಿ ಚಿಕ್ಕವರಿಗೂ ಕಥೆ ಹೇಳುವುದು, ಅಭಿನಯ ಗೀತೆ, ಛದ್ಮವೇಷ ಇವೆಯಾದರೂ, ಛದ್ಮವೇಷದಲ್ಲಿ ಸ್ಪರ್ಧಿಸುವವರು ಪೋಷಕರೇ ಎಂಬುದು ಎಲ್ಲರಿಗೂ ತಿಳಿದದ್ದೇ.

ಅಂಗಳದ ಆಟಕ್ಕೆ ಹಣವಾಗಲಿ ಸಲಕರಣೆಯಾಗಲಿ ಬೇಕಿಲ್ಲ ಎಂಬುದೇ ನನ್ನ ತಕರಾರು. ಕೆರೆ-ದಡ ಆಟಕ್ಕೆ ನೆಲದ ಮೇಲೊಂದು ಗೆರೆ ಸಾಕು. 'ಕೆರೆ' ಎಂದಾಗ ಒಳಕ್ಕೆ, 'ದಡ' ಎಂದಾಗ ಹೊರಕ್ಕೆ ಹಾರುವ ಮಗು ಕಿವಿಗೊಟ್ಟು ಕೇಳುವುದನ್ನೂ ತಡೆದು ನಿಲ್ಲುವುದನ್ನೂ ಕಲಿಯುತ್ತದೆ. ಕುಂಟೆಬಿಲ್ಲೆಯ ಮನೆಗಳಲ್ಲಿ ಅಂಕಿಯ ಬದಲು ಆ ವಾರದ ಅಕ್ಷರಗಳನ್ನು ಬರೆದರೆ ಒಂದೇ ಕಾಲಿನಲ್ಲಿ ನಿಂತು ಅಕ್ಷರ ಓದುವ ಅಭ್ಯಾಸವಾಗುತ್ತದೆ. ಲಗೋರಿಗೆ ಏಳು ಹೆಂಚಿನ ಚೂರು, ಬಟ್ಟೆ ಸುತ್ತಿದ ಒಂದು ಚೆಂಡು. ಕೊಠಡಿಯೊಳಗಿನ ಕೆಲಸಕ್ಕೆ ಇಷ್ಟು ಜಾಣತನದಿಂದ ಏಣಿ ಕಟ್ಟಿದವರು ಅಂಗಳಕ್ಕೂ ಅಂಥದ್ದೇ ಒಂದು ಏಣಿ ಕಟ್ಟಬಹುದಿತ್ತು. ಒಂಟಿ ಕಾಲಿನಲ್ಲಿ ನಿಲ್ಲುವುದರಿಂದ ಹಿಡಿದು ಚೆಂಡನ್ನು ಹಾರಿ ಹಿಡಿಯುವವರೆಗೆ ಅದರಲ್ಲಿಯೂ ಮೆಟ್ಟಿಲುಗಳಿವೆ.

ನಾಲ್ಕನೇ ತರಗತಿಯ ಮಾತನ್ನೂ ಹೇಳಬೇಕು. ಮೂರು ವರ್ಷ ತನ್ನ ವೇಗದಲ್ಲಿ, ಗೆಳೆಯರ ನಡುವೆ ಕಲಿತ ಮಗು ಅಲ್ಲಿ ಒಮ್ಮೆಲೇ ಬೆಂಚು, ಪಠ್ಯಪುಸ್ತಕ, ಪರೀಕ್ಷೆಗಳ ಕ್ರಮಕ್ಕೆ ಬೀಳುತ್ತದೆ. ಪುಟ ತುಂಬ ಬರೆಯುವ ಅಭ್ಯಾಸ ಇಲ್ಲದ ಮಕ್ಕಳು ಮೊದಲ ಕೆಲವು ತಿಂಗಳು ಕಷ್ಟಪಡುತ್ತಾರೆ, ಶಿಕ್ಷಕರೂ ಇದನ್ನು ಮುಚ್ಚಿಡುವುದಿಲ್ಲ. ಮೂರನೇ ತರಗತಿಯ ಕೊನೆಯಲ್ಲಿ ಮನೆಯಲ್ಲಿ ದಿನಕ್ಕೆ ನಾಲ್ಕೈದು ಸ್ವಂತ ವಾಕ್ಯ ಬರೆಸುತ್ತಿದ್ದರೆ ಈ ಜಿಗಿತ ಸುಲಭವಾಗುತ್ತದೆ.

ಇಷ್ಟರ ಮೇಲೆಯೂ ಈ ತರಗತಿಗೆ ಮಗುವನ್ನು ಸೇರಿಸಿ ಎಂದೇ ನಾನು ಹೇಳುವುದು, ಒಂದು ಷರತ್ತಿನೊಂದಿಗೆ: ಸೇರಿಸುವ ಮುನ್ನ ಸಾಮಾನ್ಯ ದಿನವೊಂದರಲ್ಲಿ ಕೊಠಡಿಯನ್ನು ಕಣ್ಣಾರೆ ನೋಡಿ. ಶಾಲೆ ತೆರೆಯುವಾಗಿನ ಪ್ರಾರಂಭೋತ್ಸವದ ದಿನ ತೋರಣ, ಸಿಹಿ, ಭಾಷಣಗಳ ನಡುವೆ ಏನೂ ತಿಳಿಯುವುದಿಲ್ಲ. ಆಗಸ್ಟ್‌ನಲ್ಲಿಯೋ ನವೆಂಬರಿನಲ್ಲಿಯೋ, ಪ್ರಾರ್ಥನೆ ಮುಗಿದು ಒಂದು ಗಂಟೆ ಕಳೆದ ಮೇಲೆ ಹೋಗಿ. ಕಾರ್ಡುಗಳ ಅಂಚು ಸವೆದಿದ್ದರೆ ಅವು ಬಳಕೆಯಲ್ಲಿವೆ ಎಂದು ಅರ್ಥ. ಗೋಡೆಯ ಕಪ್ಪು ಹಲಗೆಯ ಮೇಲೆ ಮಕ್ಕಳದೇ ಡೊಂಕು ಅಕ್ಷರ ಇದೆಯೇ, ಪ್ರಗತಿ ನೋಟದಲ್ಲಿ ಮಕ್ಕಳು ಬೇರೆ ಬೇರೆ ಮೆಟ್ಟಿಲಿನಲ್ಲಿದ್ದಾರೆಯೇ ನೋಡಿ. ಪುಸ್ತಕದ ಬೀರುವಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಶಿಕ್ಷಕರನ್ನಲ್ಲ, ಮಕ್ಕಳನ್ನೇ ಕೇಳಿ. ನಿನ್ನೆ ಅಂಗಳದಲ್ಲಿ ಏನು ಆಡಿದಿರಿ ಎಂದೂ ಕೇಳಿ.